ಹಿಂಸೆ ನೋಡಿದವರೆಲ್ಲ ಹಿಂಸೆಗಿಳಿಯುವುದಿಲ್ಲ. ಹಾಗಾದರೆ ಇಳಿಯುವವರು ಯಾರು?

ಬ್ರಿಟನ್ನಿನ ಸೌತ್‌ಪೋರ್ಟ್ ಪಟ್ಟಣದಲ್ಲಿ 2024ರ ಜುಲೈ 29ರಂದು ಮಕ್ಕಳ ನೃತ್ಯ ತರಗತಿಯೊಂದಕ್ಕೆ ನುಗ್ಗಿದ 17 ವರ್ಷದ ಹುಡುಗ ಮೂವರು ಬಾಲಕಿಯರನ್ನು ಚಾಕುವಿನಿಂದ ಇರಿದು ಕೊಂದ. ಸತ್ತ ಮಕ್ಕಳಿಗೆ 6, 7 ಮತ್ತು 9 ವರ್ಷ. ಇನ್ನೂ ಎಂಟು ಮಕ್ಕಳು ಮತ್ತು ಇಬ್ಬರು ದೊಡ್ಡವರು ಗಾಯಗೊಂಡರು. 2025ರ ಜನವರಿಯಲ್ಲಿ ಅವನು ತಪ್ಪೊಪ್ಪಿಕೊಂಡ. ಕನಿಷ್ಠ 52 ವರ್ಷ ಜೈಲಿನಲ್ಲಿ ಕಳೆಯಬೇಕೆಂದು ನ್ಯಾಯಾಲಯ ಆದೇಶಿಸಿತು.

ಪ್ರಕರಣ ಮುಗಿದರೂ ಗೊಂದಲ ಮುಗಿಯಲಿಲ್ಲ. ಅವನ ಬಳಿ ಅಲ್ ಖೈದಾದ ತರಬೇತಿ ಕೈಪಿಡಿ ಇತ್ತು, ರೈಸಿನ್ ಎಂಬ ಮಾರಕ ವಿಷವನ್ನು ತಯಾರಿಸಿಟ್ಟಿದ್ದ. ಹಾಗಿದ್ದೂ ಇದನ್ನು ಪೊಲೀಸರು ಭಯೋತ್ಪಾದನೆ ಎಂದು ಘೋಷಿಸಲಿಲ್ಲ. ಯಾವ ಧರ್ಮಕ್ಕಾಗಿ, ಯಾವ ಸಿದ್ಧಾಂತಕ್ಕಾಗಿ ಕೊಂದ ಎಂಬುದಕ್ಕೆ ಪುರಾವೆಯೇ ಇರಲಿಲ್ಲ. ಸಿಕ್ಕಿದ್ದು ಯುದ್ಧ, ನರಮೇಧ, ಚಿತ್ರಹಿಂಸೆಗಳ ಬಗ್ಗೆ ಕೂಡಿಟ್ಟುಕೊಂಡಿದ್ದ ರಾಶಿ ಸಾಮಗ್ರಿ, ಜೊತೆಗೆ ಶಾಲೆಯಿಂದ ದೂರವಾಗಿ ಹೆಚ್ಚುಕಡಿಮೆ ಮನೆಯೊಳಗೇ ಉಳಿದುಹೋದ ಒಂದು ಬದುಕು. ಭಯೋತ್ಪಾದನೆಯ ಸ್ವರೂಪ ಬದಲಾಗಿದೆ, ಸಂಘಟಿತ ಗುಂಪುಗಳ ಜೊತೆಗೆ ಈಗ ಕೋಣೆಯೊಳಗೆ ಕೂತು ಆನ್‌ಲೈನ್‌ನಲ್ಲಿ ಸಿಕ್ಕಿದ್ದನ್ನೆಲ್ಲ ನೋಡುವ ಒಂಟಿ ಯುವಕರಿಂದಲೂ ಅಪಾಯವಿದೆ ಎಂದು ಪ್ರಧಾನಿ ಕಿಯರ್ ಸ್ಟಾರ್ಮರ್ ಹೇಳಿದರು.

ಆ ಮಾತಿನಲ್ಲಿ ಎರಡು ಕಾರಣಗಳು ಬೆರೆತಿವೆ. ಹಿಂಸೆಯ ದೃಶ್ಯಗಳು ಮನಸ್ಸು ಕೆಡಿಸುತ್ತವೆ ಎಂಬುದು ಒಂದು, ಒಂಟಿತನ ಮನುಷ್ಯನನ್ನು ಕ್ರೂರಿಯಾಗಿಸುತ್ತದೆ ಎಂಬುದು ಇನ್ನೊಂದು. ಎರಡನ್ನೂ ನಾವು ಪ್ರತಿ ದಾಳಿಯ ನಂತರ ಕೇಳುತ್ತೇವೆ. ಎರಡಕ್ಕೂ ಸಂಶೋಧನೆಯ ಬೆಂಬಲ ಅಷ್ಟಿಷ್ಟು ಇದೆ. ಆದರೆ ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಎರಡೂ ಹೆಚ್ಚು ಭಾರ ತಡೆಯುವುದಿಲ್ಲ. ಅವು ಎಲ್ಲಿ ಕೂಡುತ್ತವೆ, ಕೂಡಿದಾಗ ಏನಾಗುತ್ತದೆ ಎಂದು ನೋಡಬೇಕು.

ಹಳೆಯ ಆರೋಪ, ಹೊಸ ಆರೋಪಿಗಳು

ಈ ವಾದ ವಿಡಿಯೊ ಗೇಮ್‌ಗಳಿಂದ ಹುಟ್ಟಿದ್ದಲ್ಲ. 1954ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಕಾಮಿಕ್ಸ್ ಪುಸ್ತಕಗಳನ್ನು ಕಟಕಟೆಯಲ್ಲಿ ನಿಲ್ಲಿಸಿತ್ತು. ಬಾಲಾಪರಾಧಕ್ಕೆ ಕಾಮಿಕ್ಸ್ ಕಾರಣ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ವಾದಿಸಿದ್ದರು. ಅವರು ತಮ್ಮ ರೋಗಿಗಳ ವಿವರಗಳನ್ನು ವಾದಕ್ಕೆ ತಕ್ಕಂತೆ ತಿದ್ದಿದ್ದರು ಎಂಬುದು ಬೆಳಕಿಗೆ ಬಂದದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ, ಅವರ ಕಾಗದಪತ್ರಗಳನ್ನು ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ಜಾಲಾಡಿದಾಗ. ಕಾಮಿಕ್ಸ್ ನಂತರ ಟಿ.ವಿ.ಯ ಸರದಿ ಬಂತು. 1993ರಲ್ಲಿ ವಿಡಿಯೊ ಗೇಮ್‌ಗಳ ಮೇಲೆ ಸೆನೆಟ್ ವಿಚಾರಣೆ ನಡೆದು, ಮರುವರ್ಷ ಆಟಗಳಿಗೆ ವಯಸ್ಸಿನ ದರ್ಜೆ ಕೊಡುವ ವ್ಯವಸ್ಥೆ ಬಂತು. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡಿನ ದಾಳಿ ನಡೆಸಿದಾಗ ಅವರು ಶೂಟಿಂಗ್ ಆಟ ಆಡುತ್ತಿದ್ದರೆಂಬುದೇ ದೊಡ್ಡ ಸುದ್ದಿಯಾಯಿತು.

ಆರೋಪ ಹಳೆಯದು ಎಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಅದರ ಹಿಂದೆ ಗಂಭೀರವಾದ ವಿಜ್ಞಾನವೂ ಇದೆ.

ಗೊಂಬೆಗೆ ಬಿದ್ದ ಪೆಟ್ಟು

1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರಾ ಮತ್ತು ಸಂಗಡಿಗರು 72 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಕೆಲವು ಮಕ್ಕಳ ಎದುರು ಒಬ್ಬ ವಯಸ್ಕ ವ್ಯಕ್ತಿ ಗಾಳಿ ತುಂಬಿದ ದೊಡ್ಡ ಗೊಂಬೆಯನ್ನು ಮರದ ಸುತ್ತಿಗೆಯಿಂದ ಹೊಡೆದು, ಒದ್ದು, ಬೈದ. ಇನ್ನು ಕೆಲವು ಮಕ್ಕಳು ಸುಮ್ಮನೆ ಆಡುತ್ತಿದ್ದ ವಯಸ್ಕರನ್ನು ನೋಡಿದರು. ಉಳಿದವರು ಏನನ್ನೂ ನೋಡಲಿಲ್ಲ. ಆಮೇಲೆ ಎಲ್ಲ ಮಕ್ಕಳಿಗೂ ಚೆಂದದ ಆಟಿಕೆಗಳನ್ನು ತೋರಿಸಿ, ಇನ್ನೇನು ಆಡಬೇಕು ಎನ್ನುವಷ್ಟರಲ್ಲಿ ಕಿತ್ತುಕೊಂಡು, ಗೊಂಬೆಯಿದ್ದ ಕೋಣೆಗೆ ಕಳಿಸಿದರು. ಹೊಡೆಯುವುದನ್ನು ನೋಡಿದ್ದ ಮಕ್ಕಳು ತಾವೂ ಹಾಗೆಯೇ ಹೊಡೆದರು. ಎಷ್ಟೋ ಮಕ್ಕಳು ಅದೇ ಭಂಗಿಯಲ್ಲಿ, ಅದೇ ಬೈಗುಳದೊಂದಿಗೆ. 1963ರಲ್ಲಿ ಇದನ್ನೇ ಸಿನಿಮಾ ರೂಪದಲ್ಲಿ ತೋರಿಸಿದಾಗಲೂ ಫಲಿತಾಂಶ ಬದಲಾಗಲಿಲ್ಲ.

ಇಷ್ಟು ಭಾಗ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದಿರುವುದು ಬಂಡೂರಾ 1965ರಲ್ಲಿ ಪ್ರಕಟಿಸಿದ ಮುಂದಿನ ಪ್ರಯೋಗ, ಮತ್ತು ಇಡೀ ಚರ್ಚೆಗೆ ಬೆಳಕು ಕೊಡುವುದು ಅದೇ. ಈ ಸಲ ಸಿನಿಮಾದ ಕೊನೆ ಬೇರೆಬೇರೆಯಾಗಿತ್ತು. ಕೆಲವು ಮಕ್ಕಳು ನೋಡಿದ ಚಿತ್ರದಲ್ಲಿ ಹೊಡೆದವನಿಗೆ ಬಹುಮಾನ ಸಿಕ್ಕಿತು, ಕೆಲವರ ಚಿತ್ರದಲ್ಲಿ ಅವನಿಗೆ ಶಿಕ್ಷೆಯಾಯಿತು. ಶಿಕ್ಷೆ ನೋಡಿದ ಮಕ್ಕಳು ಅನುಕರಣೆ ಮಾಡಿದ್ದು ಕಡಿಮೆ. ಆದರೆ 'ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಉಡುಗೊರೆ ಕೊಡುತ್ತೇವೆ' ಎಂದಾಗ ಆ ಮಕ್ಕಳೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಅಂದರೆ ನೋಡಿದ್ದನ್ನು ಎಲ್ಲರೂ ಕಲಿತಿದ್ದರು. ಕಲಿತದ್ದನ್ನು ಕೈಯಾರೆ ಮಾಡುವುದು ಮಾತ್ರ ಮುಂದೆ ಏನು ಸಿಗುತ್ತದೆ ಎಂಬುದನ್ನು ಅವಲಂಬಿಸಿತ್ತು. ಈ ವ್ಯತ್ಯಾಸವನ್ನು ಬಿಟ್ಟರೆ ಮುಂದಿನದೇನೂ ಅರ್ಥವಾಗುವುದಿಲ್ಲ.

ನಂತರದ ದಶಕಗಳಲ್ಲಿ ನೂರಾರು ಪ್ರಯೋಗಗಳು ನಡೆದವು. ಹಿಂಸೆಯ ಆಟ ಆಡಿಸಿ, ಆಮೇಲೆ ಎದುರಾಳಿಯ ಕಿವಿಗೆ ಎಷ್ಟು ಜೋರಾದ ಸದ್ದು ಕೇಳಿಸುತ್ತಾರೆ ಎಂದು ಅಳೆಯುವುದು ಒಂದು ವಿಧಾನ. ಖಾರ ಇಷ್ಟವಿಲ್ಲ ಎಂದವರಿಗೆ ಎಷ್ಟು ಖಾರದ ಸಾಸ್ ಬಡಿಸುತ್ತಾರೆ ಎಂದು ನೋಡುವುದು ಇನ್ನೊಂದು. ಹಿಂಸೆಯ ಆಟ ಆಡಿದವರು ತುಸು ಜೋರಾದ ಸದ್ದು ಕೇಳಿಸಿದರು, ತುಸು ಹೆಚ್ಚು ಖಾರ ಬಡಿಸಿದರು ಎಂದು ಇವುಗಳಲ್ಲಿ ಹಲವು ಅಧ್ಯಯನಗಳು ಹೇಳಿವೆ. ಅದನ್ನು ತಳ್ಳಿಹಾಕಬೇಕಿಲ್ಲ. ಆದರೆ ಪ್ರಯೋಗಾಲಯದಲ್ಲಿ, ಪ್ರಯೋಗ ನಡೆಸುವವರ ಅನುಮತಿಯಿಂದ ಒತ್ತಿದ ಒಂದು ಗುಂಡಿಗೂ, ತಿಂಗಳುಗಟ್ಟಲೆ ಯೋಚಿಸಿ ಮಕ್ಕಳಿದ್ದ ಕೋಣೆಗೆ ಚಾಕು ಹಿಡಿದು ಹೋಗುವುದಕ್ಕೂ ನಡುವಿನ ಅಂತರವನ್ನು ಈ ಪ್ರಯೋಗಗಳು ದಾಟುವುದಿಲ್ಲ.

ಬೀದಿಯ ಲೆಕ್ಕ ಬೇರೆ

ಹಿಂಸೆಯ ದೃಶ್ಯಗಳೇ ಕಾರಣವಾಗಿದ್ದರೆ ಅವು ಹೆಚ್ಚಿದಾಗ ಅಪರಾಧವೂ ಹೆಚ್ಚಬೇಕಿತ್ತು. ಅಮೆರಿಕದಲ್ಲಿ 1990ರ ದಶಕದ ಆರಂಭದಿಂದ ವಿಡಿಯೊ ಗೇಮ್ ಉದ್ಯಮ ಹಲವು ಪಟ್ಟು ಬೆಳೆಯಿತು, ಅದೇ ಅವಧಿಯಲ್ಲಿ ಹಿಂಸಾತ್ಮಕ ಅಪರಾಧದ ಪ್ರಮಾಣ ಭಾರಿಯಾಗಿ ಇಳಿಯಿತು. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಆಟಗಳ ಹುಚ್ಚು ಕಡಿಮೆಯೇನಿಲ್ಲ, ಕೊಲೆಗಳ ಪ್ರಮಾಣ ಮಾತ್ರ ಜಗತ್ತಿನಲ್ಲೇ ಅತ್ಯಂತ ಕಡಿಮೆ ಇರುವ ದೇಶಗಳ ಸಾಲಿನಲ್ಲಿದೆ. ಇಂಥ ಹೋಲಿಕೆಯಿಂದ ಆಟಗಳು ನಿರಪರಾಧಿ ಎಂದು ಸಾಬೀತಾಗುವುದಿಲ್ಲ, ಯಾಕೆಂದರೆ ಅಪರಾಧ ಏರಿಳಿಯಲು ನೂರು ಕಾರಣಗಳಿವೆ. ಆದರೆ ಆಟಗಳ ಪ್ರಭಾವ ದೊಡ್ಡದಾಗಿದ್ದರೆ ಅದು ಇಷ್ಟು ಪೂರ್ತಿಯಾಗಿ ಮರೆಯಾಗುತ್ತಿರಲಿಲ್ಲ.

ಅರ್ಥಶಾಸ್ತ್ರಜ್ಞರಾದ ಗೋರ್ಡನ್ ಡಾಲ್ ಮತ್ತು ಸ್ಟೆಫಾನೊ ಡೆಲ್ಲಾವಿಗ್ನಾ 2009ರಲ್ಲಿ ಇನ್ನೊಂದು ದಾರಿ ಹಿಡಿದರು. ಹಿಂಸೆ ತುಂಬಿದ ಸಿನಿಮಾಗಳಿಗೆ ಜನ ಮುಗಿಬಿದ್ದ ದಿನಗಳಲ್ಲಿ ಹಲ್ಲೆ ಪ್ರಕರಣಗಳು ಏನಾಗುತ್ತವೆ ಎಂದು ಲೆಕ್ಕ ಹಾಕಿದರು. ಅವು ಇಳಿದಿದ್ದವು. ಅಂಥ ಸಿನಿಮಾ ನೋಡುವವರು ಹತ್ತು ಲಕ್ಷ ಹೆಚ್ಚಾದರೆ ಆ ಸಂಜೆಯ ಹಲ್ಲೆಗಳು ಶೇ 1ಕ್ಕಿಂತ ತುಸು ಹೆಚ್ಚಿನ ಪ್ರಮಾಣದಲ್ಲಿ ಇಳಿಯುತ್ತಿದ್ದವು. ಕಾರಣ ಸರಳ: ಹೊಡೆದಾಟಕ್ಕೆ ಒಲವುಳ್ಳ ಯುವಕರೇ ಇಂಥ ಸಿನಿಮಾಗಳ ಪ್ರೇಕ್ಷಕರು, ಚಿತ್ರಮಂದಿರದಲ್ಲಿ ಕೂತಿರುವಷ್ಟು ಹೊತ್ತು ಅವರು ಕುಡಿದು ಬೀದಿಯಲ್ಲಿರುವುದಿಲ್ಲ. ಮುಂದಿನ ದಿನಗಳಲ್ಲಿ ಅಪರಾಧ ಮತ್ತೆ ಏರಿ ಆ ಇಳಿಕೆಯನ್ನು ಅಳಿಸಿಹಾಕಲೂ ಇಲ್ಲ.

ಇದಕ್ಕೆ ಎದುರಾದ ವಾದಕ್ಕೂ ಬಲವಿದೆ. ಸಿನಿಮಾ ನೋಡಿದ ಸಂಜೆ ಏನಾಯಿತು ಎಂಬುದು ಮುಖ್ಯವಲ್ಲ, ವರ್ಷಗಟ್ಟಲೆ ನೋಡಿದವರ ಸ್ವಭಾವ ನಿಧಾನವಾಗಿ ಹೇಗೆ ಬದಲಾಗುತ್ತದೆ ಎಂದು ನೋಡಬೇಕು ಎನ್ನುತ್ತಾರೆ ಅದನ್ನು ಮಂಡಿಸುವವರು. 2018ರಲ್ಲಿ 24 ಅಧ್ಯಯನಗಳನ್ನು, 17,000ಕ್ಕೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರ ಮಾಹಿತಿಯನ್ನು ಒಟ್ಟಿಗೆ ವಿಶ್ಲೇಷಿಸಿದಾಗ, ಹಿಂಸೆಯ ಆಟಗಳಿಗೂ ಕಾಲಾಂತರದಲ್ಲಿ ಹೆಚ್ಚುವ ಹೊಡೆದಾಟದ ಪ್ರವೃತ್ತಿಗೂ ಸಂಬಂಧ ಕಂಡಿತು. ಸಂಬಂಧ ಇತ್ತು, ಆದರೆ ಚಿಕ್ಕದು. ಮರುವರ್ಷ ಆಕ್ಸ್‌ಫರ್ಡಿನ ಸಂಶೋಧಕರು ಬ್ರಿಟನ್ನಿನ 1,004 ಹದಿಹರೆಯದವರನ್ನು ಅಧ್ಯಯನ ಮಾಡಿದರು. ಹೇಗೆ ವಿಶ್ಲೇಷಿಸುತ್ತೇವೆ ಎಂಬುದನ್ನು ಮೊದಲೇ ಸಾರ್ವಜನಿಕವಾಗಿ ದಾಖಲಿಸಿ, ಆಟಗಳಲ್ಲಿ ಎಷ್ಟು ಹಿಂಸೆಯಿದೆ ಎಂಬುದನ್ನು ಮಕ್ಕಳ ಮಾತಿನಿಂದಲ್ಲದೆ ಅಧಿಕೃತ ದರ್ಜೆಯಿಂದ ತೆಗೆದುಕೊಂಡು, ನಡವಳಿಕೆಯ ಬಗ್ಗೆ ಹೆತ್ತವರನ್ನು ಕೇಳಿ ನಡೆಸಿದ ಅಧ್ಯಯನ ಅದು. ಯಾವ ಸಂಬಂಧವೂ ಸಿಗಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ತಲುಪಿದ ನಿಲುವು ಎರಡೂ ಕಡೆಯನ್ನು ಗಮನಿಸುತ್ತದೆ. ಕಿರುಚುವುದು, ತಳ್ಳುವುದು ಮುಂತಾದ ವರ್ತನೆಗಳೊಂದಿಗೆ ಹಿಂಸೆಯ ಆಟಗಳಿಗೆ ಸಣ್ಣ ಸಂಬಂಧವಿದೆ. ಕೊಲೆಯಂಥ ಕೃತ್ಯಗಳೊಂದಿಗೆ ಸಂಬಂಧವಿದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ. ಆಟಗಳನ್ನು ದೂರುತ್ತ ಕೂತರೆ, ಹಿಂದೆ ನಡೆದ ಹಿಂಸೆಯಂಥ ನಿಜವಾದ ಮುನ್ಸೂಚನೆಗಳಿಂದ ಗಮನ ತಪ್ಪುತ್ತದೆ ಎಂದೂ ಸಂಘ ಎಚ್ಚರಿಸಿತು. ಅಮೆರಿಕದಲ್ಲಿ ಹದಿಹರೆಯದ ಹುಡುಗರಲ್ಲಿ ಶೇ 97ರಷ್ಟು ಮಂದಿ ವಿಡಿಯೊ ಗೇಮ್ ಆಡುತ್ತಾರೆ ಎಂದು ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳು ಹೇಳುತ್ತವೆ. ಹೆಚ್ಚುಕಡಿಮೆ ಎಲ್ಲರೂ ಮಾಡುವ ಕೆಲಸವೊಂದು, ಅವರಲ್ಲಿ ಒಬ್ಬ ಕೊಲೆಗಾರನಾದದ್ದು ಯಾಕೆ ಎಂಬುದನ್ನು ವಿವರಿಸಲಾರದು.

ಒಂಟಿತನದ ವಾದ ಎಷ್ಟು ಗಟ್ಟಿ?

ಇನ್ನು ಎರಡನೆಯ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ನೀಡಿದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ ಆರು ಮಂದಿಯಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆ, ವರ್ಷಕ್ಕೆ ಸುಮಾರು 8.71 ಲಕ್ಷ ಸಾವುಗಳಿಗೆ ಅದರ ನಂಟಿದೆ. ಸಾಯುವವರು ಒಂಟಿಯಾದವರೇ. ಹೃದ್ರೋಗ, ಪಾರ್ಶ್ವವಾಯು, ಖಿನ್ನತೆ, ಆತ್ಮಹತ್ಯೆ, ಹೀಗೆ ಒಂಟಿತನ ತನ್ನನ್ನು ಹೊತ್ತವರನ್ನೇ ಮೊದಲು ತಿನ್ನುತ್ತದೆ. ಬೇರೆಯವರ ಮೇಲೆ ತಿರುಗಿಬೀಳುವುದು ಅಪರೂಪದಲ್ಲಿ ಅಪರೂಪ.

ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನಲ್ಲಿ ಒಂದು ದಾರುಣ ಉದಾಹರಣೆಯಿದೆ. ಸಮಾಜದಿಂದ ಪೂರ್ತಿ ದೂರ ಸರಿದು ತಿಂಗಳು, ವರ್ಷಗಟ್ಟಲೆ ಮನೆಯೊಳಗೇ ಉಳಿಯುವವರನ್ನು ಅಲ್ಲಿ ಹಿಕಿಕೊಮೊರಿ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಸರ್ಕಾರಿ ಸಮೀಕ್ಷೆಯ ಅಂದಾಜಿನಲ್ಲಿ ಅವರ ಸಂಖ್ಯೆ 14.6 ಲಕ್ಷ. 2019ರ ಮೇ ತಿಂಗಳಲ್ಲಿ ಕವಾಸಾಕಿಯಲ್ಲಿ ಹೀಗೆ ಬದುಕುತ್ತಿದ್ದ 51 ವರ್ಷದ ವ್ಯಕ್ತಿ ಶಾಲಾ ಬಸ್ಸಿಗಾಗಿ ಕಾದು ನಿಂತಿದ್ದವರ ಮೇಲೆ ಚಾಕುವಿನಿಂದ ದಾಳಿ ಮಾಡಿ ಇಬ್ಬರನ್ನು ಕೊಂದ. ದೇಶವಿಡೀ ಹಿಕಿಕೊಮೊರಿಗಳನ್ನು ಭಯದಿಂದ ನೋಡತೊಡಗಿತು. ಕೆಲವೇ ದಿನಗಳಲ್ಲಿ, ಸರ್ಕಾರದ ಉನ್ನತ ಹುದ್ದೆಯಿಂದ ನಿವೃತ್ತರಾಗಿದ್ದ ತಂದೆಯೊಬ್ಬರು ಮನೆಯಲ್ಲೇ ಇರುತ್ತಿದ್ದ ತಮ್ಮ 44 ವರ್ಷದ ಮಗನನ್ನು ಇರಿದು ಕೊಂದರು. ಪಕ್ಕದ ಶಾಲೆಯ ಮಕ್ಕಳಿಗೆ ಮಗನೂ ಹಾಗೆಯೇ ಕೇಡು ಮಾಡಿಯಾನೆಂಬ ಭಯವೂ ಇದಕ್ಕೆ ಕಾರಣ ಎಂದು ಪೊಲೀಸರೆದುರು ಹೇಳಿದರು. ಅವಸರದ ವಿವರಣೆಯೊಂದು ಮನೆಯೊಳಗೆ ಹೊಕ್ಕು ಮಾಡಿದ ಅನಾಹುತ ಇದು.

ದಾಳಿಕೋರರೆಲ್ಲ ಒಂಟಿಗಳು ಎಂಬುದೂ ನಿಜವಲ್ಲ. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ 1974ರಿಂದ 2000ದವರೆಗೆ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು, 41 ದಾಳಿಕೋರರನ್ನು ವಿವರವಾಗಿ ಅಧ್ಯಯನ ಮಾಡಿದವು. ಒಂಟಿ ಎಂದು ತಮ್ಮನ್ನು ಭಾವಿಸಿದ್ದವರು ಅಥವಾ ಇತರರಿಂದ ಹಾಗೆ ಕರೆಸಿಕೊಂಡವರು ಶೇ 34. ಆಪ್ತ ಗೆಳೆಯರೇ ಇಲ್ಲದವರು ಶೇ 12 ಮಾತ್ರ. ಹಿಂಸೆಯ ವಿಡಿಯೊ ಗೇಮ್‌ಗಳಲ್ಲಿ ಆಸಕ್ತಿ ತೋರಿದ್ದವರೂ ಅಷ್ಟೇ, ಶೇ 12. ತಾವೇ ಬರೆದ ಕವಿತೆ, ಪ್ರಬಂಧ, ದಿನಚರಿಗಳಲ್ಲಿ ಹಿಂಸೆಯನ್ನು ತುಂಬಿದ್ದವರು ಅದರ ಮೂರು ಪಟ್ಟು, ಶೇ 37. ಅವರು ನೋಡಿದ್ದಕ್ಕಿಂತ ಬರೆದದ್ದರಲ್ಲಿ ಸುಳಿವು ಹೆಚ್ಚಿತ್ತು.

ಹಾಗಾದರೆ ಒಂಟಿತನಕ್ಕೆ ಪಾತ್ರವೇ ಇಲ್ಲವೇ? ಇದೆ, ಆದರೆ ಜನರಿಲ್ಲದಿರುವುದಕ್ಕಿಂತ ಜನ ತನ್ನನ್ನು ತಳ್ಳಿದರು ಎಂಬ ಭಾವನೆಯೇ ಹೆಚ್ಚು ಕೆಲಸ ಮಾಡುತ್ತದೆ. 1995ರಿಂದ 2001ರವರೆಗಿನ 15 ಶಾಲಾ ದಾಳಿಗಳನ್ನು ಮನಶ್ಶಾಸ್ತ್ರಜ್ಞ ಮಾರ್ಕ್ ಲಿಯರಿ ಮತ್ತು ಸಂಗಡಿಗರು ಪರಿಶೀಲಿಸಿದಾಗ ಎರಡನ್ನು ಬಿಟ್ಟು ಉಳಿದೆಲ್ಲದರಲ್ಲೂ ಹೀಯಾಳಿಕೆ, ಬಹಿಷ್ಕಾರ ಅಥವಾ ಪ್ರೇಮ ನಿರಾಕರಣೆ ಕಂಡಿತು. ಜೀನ್ ಟ್ವೆಂಗೆ, ರಾಯ್ ಬೌಮೈಸ್ಟರ್ ತಂಡ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇನ್ನೂ ಸೂಕ್ಷ್ಮ. ಒಂದು ವ್ಯಕ್ತಿತ್ವ ಪರೀಕ್ಷೆಯ ನೆಪದಲ್ಲಿ ಕೆಲವರಿಗೆ 'ಮುಂದೆ ನೀವು ಒಂಟಿಯಾಗಿಯೇ ಉಳಿಯುತ್ತೀರಿ' ಎಂದು ಹೇಳಲಾಯಿತು. ಹಾಗೆ ಕೇಳಿಸಿಕೊಂಡವರು ತಮ್ಮನ್ನು ಅವಮಾನಿಸಿದವರ ಮೇಲೆ ಮಾತ್ರವಲ್ಲ, ತಮಗೆ ಏನೂ ಮಾಡದವರ ಮೇಲೂ ಹೆಚ್ಚು ಕಟುವಾಗಿ ವರ್ತಿಸಿದರು. ತಮ್ಮನ್ನು ಹೊಗಳಿದವರ ವಿಷಯದಲ್ಲಿ ಮಾತ್ರ ಆ ಕಟುತನ ಕಾಣಲಿಲ್ಲ. ತಳ್ಳಲ್ಪಟ್ಟವನು ಮೆಚ್ಚುಗೆ ಎಲ್ಲಿಂದ ಬರುತ್ತದೋ ಅತ್ತ ವಾಲುತ್ತಾನೆ ಎಂದು ಇದರಿಂದ ಊಹಿಸಬಹುದು. ಆ ಮೆಚ್ಚುಗೆ ಯಾರಿಂದ ಬರುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ಚಪ್ಪಾಳೆ ತಟ್ಟುವವರು

2012ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ 20 ಮಕ್ಕಳನ್ನೂ 6 ವಯಸ್ಕರನ್ನೂ ಕೊಂದ 20 ವರ್ಷದ ಯುವಕನ ಬದುಕನ್ನು ಅಧಿಕೃತ ವರದಿಗಳು ಹತ್ತಿರದಿಂದ ತೋರಿಸುತ್ತವೆ. ಕೋಣೆಯ ಕಿಟಕಿಗಳಿಗೆ ಕಪ್ಪು ಪ್ಲಾಸ್ಟಿಕ್ ಚೀಲಗಳನ್ನು ಅಂಟಿಸಿದ್ದ. ಒಂದೇ ಮನೆಯಲ್ಲಿದ್ದ ತಾಯಿಯೊಂದಿಗೆ ಇಮೇಲ್ ಮೂಲಕ ಮಾತಾಡುತ್ತಿದ್ದ. ಅವನ ಬಳಿ ಶೂಟಿಂಗ್ ಆಟಗಳೂ ಇದ್ದವು. ಆದರೆ ಅವನು ಗೀಳಿನಂತೆ ಆಡುತ್ತಿದ್ದದ್ದು ಚಿತ್ರಮಂದಿರವೊಂದರ ಆವರಣದಲ್ಲಿದ್ದ ನೃತ್ಯದ ಆಟ. ಸಂಗೀತಕ್ಕೆ ತಕ್ಕಂತೆ ಹೆಜ್ಜೆ ಹಾಕುವ ಆ ಯಂತ್ರದ ಮೇಲೆ ಗಂಟೆಗಟ್ಟಲೆ ಕುಣಿಯುತ್ತಿದ್ದ. ಹಿಂಸೆಯ ಆಟವನ್ನೇ ಹುಡುಕಿ ಹೊರಟವರಿಗೆ ಇದನ್ನು ಎಲ್ಲಿ ಸೇರಿಸುವುದೆಂದು ತಿಳಿಯದು.

ಅದೇ ಮನೆಯಲ್ಲಿ ಸಿಕ್ಕ ಇನ್ನೊಂದು ವಸ್ತು ಹೆಚ್ಚು ಹೇಳುತ್ತದೆ. ಹಿಂದಿನ ಸಾಮೂಹಿಕ ಹತ್ಯೆಗಳ ವಿವರಗಳನ್ನು ಅವನು ದೊಡ್ಡ ಕೋಷ್ಟಕದಲ್ಲಿ ಸೇರಿಸಿಟ್ಟಿದ್ದ. ಅಂಥ ಹತ್ಯೆಗಳ ಬಗ್ಗೆಯೇ ಚರ್ಚಿಸುವ ಆನ್‌ಲೈನ್ ಗುಂಪಿನೊಂದಿಗೆ ಅವನಿಗೆ ಸಂಪರ್ಕವಿತ್ತು. ಎಲ್ಲರಿಂದ ಕಳಚಿಕೊಂಡವನು ಮಾತು ಉಳಿಸಿಕೊಂಡಿದ್ದು ಅವರ ಜೊತೆ. ಹೊರಗಿನಿಂದ ನೋಡಿದವರಿಗೆ ಅದು ಒಂಟಿತನ. ಒಳಗೆ ಅವನಿಗೊಂದು ಸಮಾಜ ಇತ್ತು, ಆ ಸಮಾಜದಲ್ಲಿ ಕೊಲೆಗಾರರಿಗೆ ಸ್ಥಾನಮಾನವಿತ್ತು.

ಬಂಡೂರಾನ ಪ್ರಯೋಗ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ನೋಡಿದ್ದನ್ನು ಎಲ್ಲರೂ ಕಲಿಯುತ್ತಾರೆ, ಬಹುಮಾನ ಕಾಣಿಸಿದಾಗ ಮಾಡುತ್ತಾರೆ. ಸಾಮಾನ್ಯ ಬದುಕಿನಲ್ಲಿ ಹಿಂಸೆಗೆ ಬಹುಮಾನವಿಲ್ಲ: ಗೆಳೆಯರು ದೂರವಾಗುತ್ತಾರೆ, ಮನೆಯವರು ನೋಯುತ್ತಾರೆ, ಪೊಲೀಸರು ಬರುತ್ತಾರೆ. ಆ ಗೆಳೆಯರೂ ಮನೆಯವರೂ ಲೆಕ್ಕಕ್ಕಿಲ್ಲದಂತಾಗಿ, ಅವರ ಜಾಗದಲ್ಲಿ ಹತ್ಯೆಯನ್ನು ಮೆಚ್ಚುವವರು ಬಂದು ಕೂತಾಗ ಲೆಕ್ಕವೇ ತಿರುಗುಮುರುಗಾಗುತ್ತದೆ.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ಆ ದಾಳಿಯನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ನೇರಪ್ರಸಾರದ ಹೊತ್ತಿನಲ್ಲಿ ನೋಡಿದವರು ಇನ್ನೂರಕ್ಕಿಂತ ಕಡಿಮೆ. ಆದರೆ ಮೊದಲ 24 ಗಂಟೆಗಳಲ್ಲಿ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ಕಂಪನಿ ತೆಗೆದುಹಾಕಬೇಕಾಯಿತು. ಅಷ್ಟು ಸಲ ಅದನ್ನು ಹಂಚುವ ಯತ್ನ ನಡೆದಿತ್ತು. ಮೂರು ವರ್ಷಗಳ ನಂತರ, 2022ರ ಮೇ 14ರಂದು, ಅಮೆರಿಕದ ಬಫಲೊ ನಗರದ ಸೂಪರ್‌ಮಾರ್ಕೆಟ್‌ನಲ್ಲಿ 18 ವರ್ಷದ ಯುವಕನೊಬ್ಬ 10 ಮಂದಿ ಕಪ್ಪು ವರ್ಣೀಯರನ್ನು ಕೊಂದ. ತನಗೆ ಕ್ರೈಸ್ಟ್‌ಚರ್ಚ್ ದಾಳಿಯೇ ಪ್ರೇರಣೆ ಎಂದು ಬರೆದಿಟ್ಟಿದ್ದ. ನೇರಪ್ರಸಾರ ಮಾಡುವುದು ಯಾಕೆಂದೂ ಬರೆದಿದ್ದ: ಯಾರೋ ಕೆಲವರು ತನ್ನನ್ನು ಹುರಿದುಂಬಿಸುತ್ತಿರುತ್ತಾರೆ ಎಂಬ ಅರಿವು ತನಗೆ ಬಲ ಕೊಡುತ್ತದೆ ಎಂದು. ಎಷ್ಟೋ ಸಂಶೋಧನೆಗಳು ಸುತ್ತಿ ಬಳಸಿ ಹೇಳುವುದನ್ನು ಅವನು ನೇರವಾಗಿ ಹೇಳಿದ್ದ. ಅವನ ಪ್ರಸಾರವನ್ನು ದಾಳಿ ಶುರುವಾದ ಎರಡು ನಿಮಿಷದೊಳಗೆ ನಿಲ್ಲಿಸಲಾಯಿತಾದರೂ ಅಷ್ಟರಲ್ಲಿ ಪ್ರತಿಗಳು ಹೊರಬಿದ್ದಿದ್ದವು.

ಇಂಟರ್ನೆಟ್ ಒಳಗಿನ ಸಮಾಜ ಯಾವಾಗಲೂ ಮೆಚ್ಚುಗೆಯನ್ನೇ ಕೊಡುತ್ತದೆ ಎಂದಲ್ಲ. 2008ರ ಜೂನ್‌ನಲ್ಲಿ ಟೋಕಿಯೊದ ಅಕಿಹಬಾರಾದಲ್ಲಿ ಟ್ರಕ್ ನುಗ್ಗಿಸಿ, ಚಾಕುವಿನಿಂದ ಇರಿದು ಏಳು ಜನರನ್ನು ಕೊಂದ ತಾತ್ಕಾಲಿಕ ಕಾರ್ಮಿಕನಿಗೆ ಮೊಬೈಲ್‌ನ ಒಂದು ಚರ್ಚಾ ಫಲಕವೇ ಆಸರೆಯಾಗಿತ್ತು. ಅಲ್ಲಿ ಬೇರೆಯವರು ತನ್ನ ಹೆಸರಿನಲ್ಲೇ ಬರೆದು ಕಾಡಿದರು, ಅದರಿಂದ ತನಗೆಷ್ಟು ನೋವಾಯಿತೆಂದು ತೋರಿಸಬೇಕಿತ್ತು ಎಂದು ನ್ಯಾಯಾಲಯದಲ್ಲಿ ಹೇಳಿದ. ಇದ್ದ ಒಂದೇ ಆಸರೆಯೂ ಅವಮಾನದ ಜಾಗವಾಗಿತ್ತು. ದಾಳಿಗೆ ಹೊರಟ ದಿನವೂ ಅದೇ ಫಲಕದಲ್ಲಿ ಹಂತಹಂತವಾಗಿ ಬರೆಯುತ್ತಲೇ ಹೋಗಿದ್ದ. ಮೆಚ್ಚುಗೆಯಿರಲಿ, ಸೇಡಿರಲಿ, ನೋಡುವವರು ಇದ್ದಾರೆಂಬುದು ಅವನಿಗೂ ಬೇಕಿತ್ತು.

ಸುದ್ದಿಯೇ ಬಹುಮಾನವಾದಾಗ

ಪ್ರೇಕ್ಷಕರು ಇಂಟರ್ನೆಟ್‌ನ ಕತ್ತಲ ಮೂಲೆಗಳಲ್ಲಿ ಮಾತ್ರ ಇರುವುದಿಲ್ಲ. 2007ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನರನ್ನು ಕೊಂದ ವಿದ್ಯಾರ್ಥಿ, ಮೊದಲ ದಾಳಿಗೂ ಎರಡನೆಯದಕ್ಕೂ ನಡುವಿನ ಸಮಯದಲ್ಲಿ ಅಂಚೆ ಕಚೇರಿಗೆ ಹೋಗಿ ತನ್ನ ವಿಡಿಯೊ, ಫೋಟೊಗಳನ್ನು ಟಿ.ವಿ. ವಾಹಿನಿಯೊಂದಕ್ಕೆ ಕಳಿಸಿದ. ವಾಹಿನಿ ಅವುಗಳನ್ನು ಪ್ರಸಾರ ಮಾಡಿತು. ಇಂಥ ದಾಳಿಯೊಂದು ನಡೆದ ನಂತರ ಸರಾಸರಿ 13 ದಿನಗಳ ಕಾಲ ಮತ್ತೊಂದು ನಡೆಯುವ ಸಂಭವ ಹೆಚ್ಚಿರುತ್ತದೆ ಎಂದು 2015ರ ಒಂದು ಅಮೆರಿಕನ್ ಅಧ್ಯಯನ ಅಂದಾಜಿಸಿತು. ಈ ಲೆಕ್ಕದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಆದರೆ ದಾಳಿಕೋರರು ಹಿಂದಿನವರನ್ನು ಓದಿಕೊಂಡು ಬರುತ್ತಾರೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ಅಮೆರಿಕದ ಸಾಮೂಹಿಕ ಗುಂಡಿನ ದಾಳಿಗಳ ದತ್ತಾಂಶ ಕಟ್ಟಿದ ಜಿಲಿಯನ್ ಪೀಟರ್ಸನ್ ಮತ್ತು ಜೇಮ್ಸ್ ಡೆನ್ಸ್‌ಲಿ ಮತ್ತೆ ಮತ್ತೆ ಕಾಣುವ ನಾಲ್ಕು ಅಂಶಗಳನ್ನು ಗುರುತಿಸಿದ್ದಾರೆ: ಬಾಲ್ಯದ ಆಘಾತ, ದಾಳಿಗೆ ಮುಂಚಿನ ವಾರ ಅಥವಾ ತಿಂಗಳುಗಳಲ್ಲಿ ಎದುರಾದ ಬಿಕ್ಕಟ್ಟು, ಹಿಂದಿನ ದಾಳಿಕೋರರ ಅಧ್ಯಯನ, ಕೈಗೆ ಸಿಗುವ ಆಯುಧ.

ಹೆಸರು ಹೇಳದಿರುವ ಪದ್ಧತಿ ಹುಟ್ಟಿದ್ದು ಇದರಿಂದಲೇ. ಕ್ರೈಸ್ಟ್‌ಚರ್ಚ್ ದಾಳಿಯ ನಂತರ ಪ್ರಧಾನಿ ಜಸಿಂಡಾ ಆರ್ಡರ್ನ್ ಹಂತಕನ ಹೆಸರನ್ನು ಉಚ್ಚರಿಸುವುದಿಲ್ಲ ಎಂದು ಸಂಸತ್ತಿನಲ್ಲೇ ಘೋಷಿಸಿದರು. 2018ರಲ್ಲಿ ಟೊರಾಂಟೊದ ಪಾದಚಾರಿಗಳ ಮೇಲೆ ವ್ಯಾನ್ ಹರಿಸಿದವನ ಪ್ರಕರಣದಲ್ಲಿ, 2021ರ ತೀರ್ಪು ಬರೆದ ನ್ಯಾಯಮೂರ್ತಿ ಆ್ಯನ್ ಮಲ್ಲೊಯ್ ಅವನು ಪ್ರಸಿದ್ಧಿಗಾಗಿ ಹಂಬಲಿಸಿದ್ದನ್ನು ಎತ್ತಿ ಹೇಳಿ, ಅವನನ್ನು ಜಾನ್ ಡೋ (ಅನಾಮಿಕರಿಗೆ ಬಳಸುವ ಹೆಸರು) ಎಂದೇ ಕರೆದರು. ಈ ಲೇಖನದಲ್ಲೂ ಹಂತಕರ ಹೆಸರುಗಳಿಲ್ಲದಿರುವುದು ಅದೇ ಕಾರಣಕ್ಕೆ.

ನಿಷೇಧಗಳು ಎಲ್ಲಿಗೆ ಮುಟ್ಟುತ್ತವೆ

ಸರ್ಕಾರಗಳಿಗೆ ಹೆಚ್ಚು ಸುಲಭವಾಗಿ ಕಾಣುವುದು ನಿಷೇಧ. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆನ್‌ಲೈನ್ ಆಟ ನಿಷೇಧಿಸಿ, ಹತ್ತು ವರ್ಷಗಳ ನಂತರ ಆ ಕಾನೂನನ್ನು ಕೈಬಿಡಲು ನಿರ್ಧರಿಸಿತು. ಚೀನಾ 2021ರಿಂದ ಅಪ್ರಾಪ್ತರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ಒಂದೊಂದು ಗಂಟೆ ಮಾತ್ರ ಅವಕಾಶ ಕೊಟ್ಟಿದೆ. ಮಕ್ಕಳಿಗೆ ಹಿಂಸೆಯ ಆಟ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 7-2 ಬಹುಮತದಿಂದ ರದ್ದು ಮಾಡಿತು. ಅಧ್ಯಯನಗಳು ತೋರಿಸುವ ನಂಟು ದುರ್ಬಲ, ಕಾರಣ-ಪರಿಣಾಮ ಸಾಬೀತಾಗಿಲ್ಲ ಎಂದು ಬಹುಮತದ ತೀರ್ಪು ಹೇಳಿತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ.

ಮಕ್ಕಳ ನಿದ್ದೆ, ಓದು, ಮಾನಸಿಕ ಆರೋಗ್ಯ ಎಂದು ಈ ಕ್ರಮಗಳಿಗೆ ಬೇರೆ ಸಮರ್ಥನೆಗಳಿರಬಹುದು. ಹತ್ಯೆಗಳನ್ನು ತಡೆಯುವ ಉಪಾಯವೆಂದು ನೋಡಿದರೆ ಅವು ತಪ್ಪು ಜಾಗಕ್ಕೆ ಗುರಿಯಿಟ್ಟಿವೆ. ಕೋಟ್ಯಂತರ ಮಕ್ಕಳು ಗೆಳೆಯರೊಂದಿಗೆ ಹರಟುವ ಜಾಗ ಮುಚ್ಚುತ್ತದೆ. ಹತ್ಯೆಯನ್ನು ಕೊಂಡಾಡುವ ಗುಂಪುಗಳು ಮೊದಲಿನಿಂದಲೂ ಸಣ್ಣ ಜಾಲಗಳಲ್ಲಿ, ಖಾಸಗಿ ಚಾಟ್‌ಗಳಲ್ಲಿ ಇರುವಂಥವು. ಯಾರಿಗೂ ಬೇಡವಾದೆ ಎಂದುಕೊಂಡ ಹುಡುಗನಿಗೆ ಆಟದ ಮೂಲಕ ಸಿಗುತ್ತಿದ್ದ ನಾಲ್ಕು ಗೆಳೆಯರೂ ತಪ್ಪಿದರೆ ಅವನು ಅಲ್ಲಿಗೆ ಇನ್ನಷ್ಟು ಹತ್ತಿರವಾಗುವ ಅಪಾಯವೂ ಇದೆ. ಇದಕ್ಕಿಂತ ಉಪಯುಕ್ತವಾದದ್ದು ಕಂಪನಿಗಳ ಹೊಣೆ ಬಿಗಿಗೊಳಿಸುವುದು: ದಾಳಿಯ ವಿಡಿಯೊಗಳ ಮರುಹಂಚಿಕೆ ತಡೆಯುವುದು, ಹಂತಕರ ಅಭಿಮಾನಿ ಗುಂಪುಗಳನ್ನು ಮುಚ್ಚುವುದು, ಒಂದು ಕ್ರೂರ ವಿಡಿಯೊ ನೋಡಿದವನಿಗೆ ಮುಂದಿನದನ್ನು ತಾನಾಗಿ ಬಡಿಸುವ ಶಿಫಾರಸು ವ್ಯವಸ್ಥೆಯನ್ನು ತಿದ್ದುವುದು.

ಮೊದಲೇ ಗೊತ್ತಿದ್ದವರು

ಹಿಂದೆ ಹೇಳಿದ 37 ಶಾಲಾ ದಾಳಿಗಳ ಅಧ್ಯಯನದಲ್ಲಿ ಇನ್ನೊಂದು ಸಂಖ್ಯೆಯಿದೆ, ಮತ್ತು ಅತ್ಯಂತ ಹೆಚ್ಚು ಗಮನಿಸಬೇಕಾದದ್ದು ಅದು. ಶೇ 81ರಷ್ಟು ಪ್ರಕರಣಗಳಲ್ಲಿ ದಾಳಿಕೋರ ಏನೋ ಯೋಚಿಸುತ್ತಿದ್ದಾನೆ ಎಂಬುದು ಕನಿಷ್ಠ ಒಬ್ಬರಿಗೆ ಮೊದಲೇ ಗೊತ್ತಿತ್ತು. ಹಾಗೆ ಗೊತ್ತಿದ್ದವರಲ್ಲಿ ಬಹುತೇಕರು ಅವನ ಓರಗೆಯವರು. ಬಹುಪಾಲು ದಾಳಿಕೋರರು ಈ ಮೊದಲು ಆತ್ಮಹತ್ಯೆಯ ಮಾತಾಡಿದ್ದರು ಅಥವಾ ಯತ್ನಿಸಿದ್ದರು. 2021ರಲ್ಲಿ ಸೀಕ್ರೆಟ್ ಸರ್ವಿಸ್ ನಡೆಯದೇ ಹೋದ 67 ಸಂಚುಗಳನ್ನು ಅಧ್ಯಯನ ಮಾಡಿದಾಗ, ಅವು ತಪ್ಪಿದ್ದು ಹೆಚ್ಚಾಗಿ ಸಹಪಾಠಿಗಳು ಕೇಳಿದ್ದನ್ನು, ಕಂಡದ್ದನ್ನು ದೊಡ್ಡವರಿಗೆ ಹೇಳಿದ್ದರಿಂದ ಎಂಬುದು ತಿಳಿಯಿತು. ಪ್ರೇಕ್ಷಕರನ್ನು ಬಯಸುವವನು ಮುಂಚೆಯೇ ಬಾಯಿ ಬಿಡುತ್ತಾನೆ. ತಡೆಯುವ ದಾರಿಯೂ ಅಲ್ಲೇ ತೆರೆಯುತ್ತದೆ.

ಸೌತ್‌ಪೋರ್ಟ್‌ನ ಹುಡುಗ ಯಾರ ಕಣ್ಣಿಗೂ ಬೀಳದವನಾಗಿರಲಿಲ್ಲ. 2019ರಲ್ಲಿ ಶಾಲೆಗೆ ಚಾಕು ಒಯ್ದದ್ದನ್ನು ಒಪ್ಪಿಕೊಂಡು ಶಾಲೆಯಿಂದ ಹೊರಬಿದ್ದಿದ್ದ. 2019ರಿಂದ 2021ರ ನಡುವೆ ಮೂರು ಸಲ ಅವನ ಹೆಸರು ಬ್ರಿಟನ್ನಿನ ಉಗ್ರವಾದ ತಡೆ ಯೋಜನೆ 'ಪ್ರಿವೆಂಟ್'ಗೆ ಹೋಗಿತ್ತು. ಮೊದಲ ಸಲ ಅವನಿಗೆ 13 ವರ್ಷ, ಶಾಲೆಯ ಕಂಪ್ಯೂಟರ್‌ನಲ್ಲಿ ಶಾಲಾ ಹತ್ಯಾಕಾಂಡಗಳ ಬಗ್ಗೆ ಹುಡುಕಿದ್ದ. ಮೂರು ಸಲವೂ ಕಡತ ಮುಚ್ಚಲಾಯಿತು. ಸಿದ್ಧಾಂತ ಯಾವುದೆಂದು ಹುಡುಕುವ ವ್ಯವಸ್ಥೆಗೆ ಅವನಲ್ಲಿ ಯಾವ ಸಿದ್ಧಾಂತವೂ ಸಿಗಲಿಲ್ಲ. ಸಿದ್ಧಾಂತ ಇಲ್ಲದಿರುವುದಕ್ಕೇ ಅತಿಯಾದ ಮಹತ್ವ ಕೊಟ್ಟು, ಹಿಂಸೆಯ ಮೇಲಿನ ಅವನ ಗೀಳನ್ನು ಕಡೆಗಣಿಸಿ, ಪ್ರಕರಣವನ್ನು ಬೇಗನೆ ಮುಚ್ಚಲಾಯಿತು ಎಂದು 2025ರ ಫೆಬ್ರುವರಿಯಲ್ಲಿ ಪ್ರಕಟವಾದ ಪರಿಶೀಲನಾ ವರದಿ ಹೇಳಿತು. ಅದೇ ವರ್ಷದ ಜುಲೈನಲ್ಲಿ ನಿವೃತ್ತ ನ್ಯಾಯಮೂರ್ತಿ ಏಡ್ರಿಯನ್ ಫುಲ್‌ಫರ್ಡ್ ನೇತೃತ್ವದಲ್ಲಿ ಸಾರ್ವಜನಿಕ ವಿಚಾರಣೆ ಆರಂಭವಾಯಿತು.

ಇಂಥವರನ್ನೂ ಭಯೋತ್ಪಾದನೆಯ ವ್ಯಾಖ್ಯೆಯೊಳಗೆ ತಂದರೆ ಆಯಿತಲ್ಲ ಎಂಬ ಸಲಹೆ ಬಂದಿದೆ. ಅದಕ್ಕೊಂದು ಬೆಲೆಯಿದೆ. ಹಿಂಸೆಯ ವಿಡಿಯೊ ಹುಡುಕುವ, ಕೋಪದಲ್ಲಿ 'ಕೊಂದುಬಿಡ್ತೀನಿ' ಎನ್ನುವ ಹದಿಹರೆಯದವರು ಲಕ್ಷಗಟ್ಟಲೆ ಇದ್ದಾರೆ. ಅವರೆಲ್ಲ ಪೊಲೀಸ್ ಕಡತಕ್ಕೆ ಸೇರಿದರೆ ನಿಜವಾದ ಅಪಾಯ ಆ ರಾಶಿಯಲ್ಲಿ ಮುಳುಗುತ್ತದೆ, ಜೊತೆಗೆ ಸಹಪಾಠಿಗಳು ಬಾಯಿ ಬಿಡುವುದನ್ನೂ ನಿಲ್ಲಿಸುತ್ತಾರೆ. ಗೆಳೆಯನಿಗೆ ಸಹಾಯ ಸಿಗುತ್ತದೆ ಎಂದಾದರೆ ಹೇಳುವ ಮಗು, ಗೆಳೆಯ ಜೈಲಿಗೆ ಹೋಗುತ್ತಾನೆ ಎಂದಾದರೆ ಸುಮ್ಮನಾಗುತ್ತದೆ.

ವರ್ಜೀನಿಯಾ ರಾಜ್ಯ ಇನ್ನೊಂದು ದಾರಿ ಹಿಡಿದಿದೆ. 2013ರಿಂದ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಬೆದರಿಕೆಗಳನ್ನು ಅಳೆಯುವ ತಂಡಗಳು ಕಡ್ಡಾಯ. ಮನಶ್ಶಾಸ್ತ್ರಜ್ಞ ಡ್ಯೂಯಿ ಕಾರ್ನೆಲ್ ರೂಪಿಸಿದ ಮಾದರಿಯಲ್ಲಿ ತಂಡದ ಮೊದಲ ಕೆಲಸ ಬೆದರಿಕೆ ಒಡ್ಡಿದವನನ್ನೂ ಅಪಾಯ ತರಬಲ್ಲವನನ್ನೂ ಬೇರೆ ಮಾಡುವುದು. ಸಿಟ್ಟಿನ ಭರದಲ್ಲಿ ಆಡಿದ ಮಾತಾದರೆ ಕೂತು ಮಾತಾಡಿ, ಕ್ಷಮೆ ಕೇಳಿಸಿ ಮುಗಿಸುತ್ತಾರೆ, ಪ್ರಕರಣಗಳಲ್ಲಿ ಹೆಚ್ಚಿನವು ಇಂಥವೇ. ಯಾರನ್ನು, ಯಾವಾಗ, ಹೇಗೆ ಎಂಬ ಯೋಜನೆ ಕಂಡರೆ ಗುರಿಯಾದವರಿಗೆ ರಕ್ಷಣೆ ಕೊಡುತ್ತಾರೆ, ಪೊಲೀಸರನ್ನು ಸೇರಿಸಿಕೊಳ್ಳುತ್ತಾರೆ, ಆ ವಿದ್ಯಾರ್ಥಿಗೆ ಮಾನಸಿಕ ಚಿಕಿತ್ಸೆಯ ವ್ಯವಸ್ಥೆ ಮಾಡಿ ಮುಂದೆಯೂ ಗಮನ ಇಡುತ್ತಾರೆ. ಅವನ ಸಿದ್ಧಾಂತ ಯಾವುದು, ಅವನು ಯಾವ ಆಟ ಆಡುತ್ತಾನೆ ಎಂಬುದು ಅಲ್ಲಿ ನಿರ್ಣಾಯಕ ಪ್ರಶ್ನೆಯಲ್ಲ. ಶಾಲೆಯಿಂದ ಹೊರಹಾಕಿದ ಮೇಲೆ ಅವನ ದಿನ ಯಾರ ಜೊತೆ ಕಳೆಯುತ್ತದೆ ಎಂಬುದು ನಿರ್ಣಾಯಕ, ಮತ್ತು ಆ ಪ್ರಶ್ನೆ ಕೇಳಲು ಒಬ್ಬರಿಗೆ ಸಂಬಳ, ಸಮಯ, ಅಧಿಕಾರ ಕೊಟ್ಟು ಕೂರಿಸಬೇಕಾಗುತ್ತದೆ. ಸೌತ್‌ಪೋರ್ಟ್ ಪ್ರಕರಣದಲ್ಲಿ ಪೊಲೀಸರು, ಶಾಲೆ, ಸಮಾಜ ಕಲ್ಯಾಣ ವಿಭಾಗ, ಮಾನಸಿಕ ಆರೋಗ್ಯ ಸೇವೆ ಎಲ್ಲವೂ ಆ ಹುಡುಗನನ್ನು ಒಂದಲ್ಲ ಒಂದು ಹಂತದಲ್ಲಿ ಕಂಡಿದ್ದವು. ಅವನ ಪೂರ್ತಿ ಹೊಣೆ ಹೊತ್ತ ಒಬ್ಬರು ಆ ಯಾವ ಕಚೇರಿಯಲ್ಲೂ ಇರಲಿಲ್ಲ.